ಬಸ್ಸಿರುವಾಗ ನಡೆಯುವುದೇಕೆ?

ಯುಗಾದಿಗೆ ಇನ್ನೂ ಎರಡು ಮೂರು ವಾರಗಳಿವೆ ಎನ್ನುವಾಗಲೇ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಸೀಮೆಗಳ ಊರೂರಿನಿಂದ ಜನರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಮುಂದೆ ಮಲ್ಲಯ್ಯನ ಕಂಬಿ, ಹಿಂದೆ ಮುದುಕರು, ತರುಣರು, ಹೆಣ್ಣುಮಕ್ಕಳು. ಬೆನ್ನಿಗೆ ರೊಟ್ಟಿಯ ಗಂಟು. ಹಲವರ ಕಾಲಿಗೆ ಮೆಟ್ಟೂ ಇಲ್ಲ. ಮರಗಾಲು ಕಟ್ಟಿಕೊಂಡು ದಾರಿ ಸವೆಸುವವರೂ ಉಂಟು. ದೂರದ ಊರಿನವರಿಗೆ ಅದು ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಬಿಸಿಲೇರುವ ಮುನ್ನ ನಡೆದು, ನಡುಹಗಲು ಮರದಡಿಯಲ್ಲೋ ಗುಡಿಯ ಜಗಲಿಯಲ್ಲೋ ತಂಗಿ, ಸಂಜೆಗೆ ಮತ್ತೆ ಹೊರಟು, ಹತ್ತು ಹದಿನೈದು ದಿನಗಳಲ್ಲಿ ಅವರು ಬೆಟ್ಟ ಮುಟ್ಟುತ್ತಾರೆ.

ಈ ಸಾಲನ್ನು ಕಂಡ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಬಸ್ಸಿರುವಾಗ ನಡೆಯುವುದೇಕೆ? ಪ್ರಶ್ನೆ ನ್ಯಾಯವಾದದ್ದು. ‘ಹಿರಿಯರು ನಡೆದರು, ಅದಕ್ಕೇ ಇವರೂ ನಡೆಯುತ್ತಾರೆ’ ಎಂದರೆ ಕೇಳಿದ ಮಗುವಿಗೆ ತೃಪ್ತಿಯಾಗದು. ‘ಎಲ್ಲವೂ ಮೂಢನಂಬಿಕೆ’ ಎಂದು ಕೈಕೊಡವಿದರೂ ಉತ್ತರ ದೊರೆತಂತಾಗದು; ಲಕ್ಷಾಂತರ ಜನ ವರ್ಷವರ್ಷವೂ ತಮ್ಮ ದುಡಿಮೆಯ ದಿನಗಳನ್ನು ಬಿಟ್ಟು ಮಾಡುವ ಕೆಲಸಕ್ಕೆ ಕಾರಣವೊಂದಿರಲೇಬೇಕು. ಆ ಕಾರಣವನ್ನು ತುಸು ಸಾವಧಾನವಾಗಿ ಹುಡುಕುವುದು ಈ ವಾರದ ಅಂಕಣದ ಉದ್ದೇಶ.

ಮೊದಲಿಗೆ ನಮ್ಮ ನೆಲದಿಂದಲೇ ನೋಡೋಣ. ಕಲ್ಯಾಣದುರ್ಗದವರಿಗೆ ಮಲ್ಲಿಕಾರ್ಜುನ ದೂರದ ದೇವರಲ್ಲ. ನೆರೆಯ ಕಂಬದೂರಿನಲ್ಲೇ ಆತನ ಹಳೆಯ ದೇಗುಲವಿದೆ. ಹಿಂದೂಪುರದವರಿಗೆ ಲೇಪಾಕ್ಷಿಯ ವೀರಭದ್ರ ಕೂಗಳತೆಯಲ್ಲಿದ್ದಾನೆ ಎನ್ನಬಹುದು. ಇಷ್ಟು ಹತ್ತಿರ ಶಿವನಿರುವಾಗಲೂ ಈ ಊರುಗಳ ಮನೆಗಳಲ್ಲಿ ಶ್ರೀಶೈಲದ ಹೆಸರೆತ್ತಿದೊಡನೆ ಹಿರಿಯರ ದನಿ ಬದಲಾಗುತ್ತದೆ. ದೇವರ ದರ್ಶನವೊಂದೇ ಗುರಿಯಾಗಿದ್ದರೆ ಹತ್ತಿರದ ಗುಡಿ ಸಾಕಿತ್ತು. ಹಾಗಾದರೆ ದೂರಕ್ಕೂ, ಆ ದೂರವನ್ನು ಕಾಲಿನಿಂದ ಅಳೆಯುವುದಕ್ಕೂ ಬೇರೆಯೇ ಒಂದು ಬೆಲೆ ಇರಬೇಕು.

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಡೆಯದೆ ಬೇರೆ ದಾರಿಯಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಇಂದಿನ ಶಿವಮೊಗ್ಗ ಜಿಲ್ಲೆಯ ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲಕ್ಕೂ ಹೋದದ್ದು ಕಾಲ್ನಡಿಗೆಯಲ್ಲಿ. ನಲ್ಲಮಲದ ಕಾಡು, ಕಡಿದಾದ ಏರು, ಕೆಳಗೆ ಕೃಷ್ಣೆಯ ಕಮರಿ: ಇವನ್ನು ದಾಟಿದವರಿಗಷ್ಟೇ ಬೆಟ್ಟ ದಕ್ಕುತ್ತಿತ್ತು. ಯಾತ್ರಿಕರ ಕಷ್ಟ ಕಂಡ ದೊರೆಗಳು ಆಗಾಗ ಮೆಟ್ಟಿಲು ಕಟ್ಟಿಸಿದರು. ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸು ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಿಲಕ್ಕೂ ಸೋಪಾನಗಳನ್ನು ಮಾಡಿಸಿದನು. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲು ಕಟ್ಟಿಸಿದಳು. ಒಬ್ಬನು ತೆಲುಗು ನಾಡಿನ ದೊರೆ, ಇನ್ನೊಬ್ಬಳು ಕನ್ನಡ ನಾಡಿನ ರಾಜಧಾನಿಯ ರಾಣಿ. ಇಬ್ಬರ ಕಲ್ಲುಗಳ ಮೇಲೂ ಎರಡೂ ನುಡಿಯ ಪಾದಗಳು ಹಾದುಹೋದವು.

ಇಂದು ಘಟ್ಟದ ಮೇಲಿನವರೆಗೂ ಡಾಂಬರು ರಸ್ತೆಯಿದೆ, ಬಸ್ಸು ಹೋಗುತ್ತದೆ. ಹಾಗಿದ್ದೂ ನಡೆಯುವವರ ಸಾಲು ತೆಳುವಾಗಿಲ್ಲ. ಹಿಂದೆ ಅನಿವಾರ್ಯವಾಗಿದ್ದುದು ಇಂದು ಆಯ್ಕೆಯಾಗಿದೆ. ಆದುದರಿಂದಲೇ ಇಂದಿನ ನಡಿಗೆಯ ಕಾರಣಗಳು ಹಿಂದಿಗಿಂತ ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು ಹರಕೆ. ಮಗು ಕಾಯಿಲೆ ಬಿದ್ದಾಗ, ಮಳೆ ಕೈಕೊಟ್ಟಾಗ, ಸಾಲ ಕೊರಳಿಗೆ ಬಂದಾಗ ತಾಯಿಯೋ ತಂದೆಯೋ ಮನಸ್ಸಿನಲ್ಲೇ ಒಂದು ಮಾತು ಕೊಡುತ್ತಾರೆ: ‘ಇದೊಂದು ದಾಟಿಸು, ನಡೆದು ಬರುತ್ತೇನೆ.’ ಸಂಕಟ ದಾಟಿದ ಮೇಲೆ ಆ ಮಾತು ಸಾಲವಾಗಿ ಉಳಿಯುತ್ತದೆ. ಹಣದಿಂದ ತೀರಿಸುವ ಸಾಲದಲ್ಲಿ ಉಳ್ಳವನಿಗೂ ಇಲ್ಲದವನಿಗೂ ಅಂತರವಿದೆ. ಒಬ್ಬನ ಸಾವಿರ ರೂಪಾಯಿ ಇನ್ನೊಬ್ಬನ ತಿಂಗಳ ಅನ್ನ. ಕಾಲಿನ ಕಾಣಿಕೆಯಲ್ಲಿ ಆ ಅಂತರವಿಲ್ಲ. ಕೂಲಿಯವನ ಅಂಗಾಲಿನಲ್ಲಿಯೂ ಜಮೀನುದಾರನ ಅಂಗಾಲಿನಲ್ಲಿಯೂ ಬೊಬ್ಬೆ ಏಳುವುದು ಅದೇ ಬಿಸಿಲಿಗೆ. ದೇವರಿಗೆ ಕೊಡಲು ತನ್ನ ಬಳಿ ಏನಿದೆ ಎಂದು ಬಡವ ಹುಡುಕಿದಾಗ ಆತನಿಗೆ ಸಿಗುವ, ಯಾರೂ ಹೀಯಾಳಿಸಲಾರದ ಸಂಪತ್ತು ತನ್ನ ಮೈಯ ಶ್ರಮವೇ. ಹತ್ತು ದಿನದ ಕೂಲಿ ಬಿಟ್ಟು ಬರುವವನಿಗೆ ಅದೂ ಅಗ್ಗದ ಕಾಣಿಕೆಯಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು ನಂಟು. ಉತ್ತರ ಕರ್ನಾಟಕದ ಭಕ್ತರು ಶ್ರೀಶೈಲದ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ಭಾವಿಸುತ್ತಾರೆ. ಮಲ್ಲಿಕಾರ್ಜುನ ಅವರಿಗೆ ಅಳಿಯ. ಹೊಸ ವರ್ಷಕ್ಕೆ ಮಗಳ ಮನೆಗೆ ಹೋಗುವವರು ಬರಿಗೈಯಲ್ಲಿ ಹೋಗುವುದುಂಟೇ? ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮಗಳನ್ನು ಹೊತ್ತೇ ಹೋಗುತ್ತಾರೆ. ಈ ಒಂದು ಭಾವನೆಯಿಂದ ಯಾತ್ರೆಯ ಅರ್ಥವೇ ಬದಲಾಗುತ್ತದೆ. ವರ ಬೇಡಲು ಹೋಗುವವನು ಬಾಗಿಲಲ್ಲಿ ನಿಲ್ಲುತ್ತಾನೆ. ತವರಿನವರು ಒಳಗೆ ಬಂದು ಮಗಳ ಯೋಗಕ್ಷೇಮ ವಿಚಾರಿಸುತ್ತಾರೆ. ಕೊಟ್ಟ ಊರು ದೂರವೆಂದು ಯಾವ ತಾಯಿಯೂ ಮಗಳನ್ನು ಮರೆಯುವುದಿಲ್ಲ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ನಲ್ಲಮಲದ ಕಾಡಿನ ಮೂಲನಿವಾಸಿಗಳಾದ ಚೆಂಚು ಜನರೂ ಮಲ್ಲಿಕಾರ್ಜುನನನ್ನು ಅಳಿಯನೆಂದೇ ಕರೆಯುತ್ತಾರೆ. ಅವರ ಕಥೆಯಲ್ಲಿ ಶಿವನು ಚೆಂಚು ಹುಡುಗಿಯನ್ನು ಒಲಿದು ಮದುವೆಯಾದವನು. ಆದುದರಿಂದ ಆತ ಅವರ ಚೆಂಚು ಮಲ್ಲಯ್ಯ. ಬಯಲಿನ ಕನ್ನಡ ರೈತನಿಗೂ ಕಾಡಿನ ಚೆಂಚುವಿಗೂ ಒಬ್ಬನೇ ಅಳಿಯ! ಹಾಗೆ ಲೆಕ್ಕ ಹಾಕಿದರೆ ಇವರಿಬ್ಬರೂ ಬೀಗರಾಗಬೇಕು. ಅಕ್ಕಮಹಾದೇವಿಯಂತೂ ಚೆನ್ನಮಲ್ಲಿಕಾರ್ಜುನನನ್ನು ತನ್ನ ಪತಿಯೆಂದೇ ಹಾಡಿದಳು. ದೇವರನ್ನು ಬಂಧುವಾಗಿಸಿಕೊಂಡ ಜನರಿಗೆ ದಾರಿಯ ದೂರ ಹೊರೆಯೆನಿಸದಿರುವುದು ಸಹಜ.

ಮೂರನೆಯ ಕಾರಣ ದಾರಿಯಲ್ಲೇ ಇದೆ. ವಿಜಯಪುರ, ಬಾಗಲಕೋಟೆ, ರಾಯಚೂರುಗಳ ರಸ್ತೆಬದಿಯಲ್ಲಿ ಆ ದಿನಗಳಲ್ಲಿ ದಾಸೋಹದ ಚಪ್ಪರಗಳು ಏಳುತ್ತವೆ. ಮಜ್ಜಿಗೆ, ಅನ್ನಸಾರು, ರೊಟ್ಟಿ, ಕಲ್ಲಂಗಡಿ ಹೋಳು. ಕಾಲಿಗೆ ಎಣ್ಣೆ ತಿಕ್ಕುವವರು, ಮಾತ್ರೆ ಮುಲಾಮು ಕೊಡುವವರು. ಗಡಿ ದಾಟಿದ ಮೇಲೆ ತೆಲುಗು ಹಳ್ಳಿಗಳಲ್ಲೂ ನೀರಿನ ಕೊಡಗಳು ಕಾದಿರುತ್ತವೆ. ಇದರಲ್ಲಿ ಕೊಡುವವರ ಪುಣ್ಯದ ಮಾತನ್ನು ಎಲ್ಲರೂ ಆಡುತ್ತಾರೆ. ತೆಗೆದುಕೊಳ್ಳುವವರಿಗೆ ಏನಾಗುತ್ತದೆ ಎಂಬುದನ್ನು ಆಡುವವರು ಕಡಿಮೆ. ತನ್ನ ಊರಿನಲ್ಲಿ ಹತ್ತು ಜನಕ್ಕೆ ಅನ್ನ ಹಾಕುವ ಗೌಡ, ಯಾರ ಮುಂದೆಯೂ ಕೈಯೊಡ್ಡದ ಮನೆಯ ಯಜಮಾನಿ, ಇಲ್ಲಿ ಗುರುತು ಪರಿಚಯವಿಲ್ಲದವರ ಕೈಯಿಂದ ಒಂದು ಲೋಟ ನೀರು ಪಡೆಯುತ್ತಾರೆ. ಸ್ವೀಕರಿಸುವುದೂ ಒಂದು ವಿದ್ಯೆ. ಅದನ್ನು ಬಸ್ಸಿನ ಸೀಟು ಕಲಿಸಲಾರದು. ಟಿಕೆಟ್ಟಿಗೆ ಹಣ ಕೊಟ್ಟವನಿಗೆ ಯಾರ ಹಂಗೂ ಇಲ್ಲ.

ಈ ಅನುಭವ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇಗುಲಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರಿನ ಬೌದ್ಧ ಯಾತ್ರೆಯೊಂದಿದೆ. ಅಲ್ಲಿಯೂ ದಾರಿಯ ಊರಿನವರು ಯಾತ್ರಿಕರಿಗೆ ಹಣ್ಣು, ಊಟ, ತಂಗುದಾಣ ಕೊಡುತ್ತಾರೆ. ಈ ಕೊಡುಗೆಗೆ ಅವರು ‘ಒಸೆತ್ತಾಯ್’ ಎನ್ನುತ್ತಾರೆ. ಒಬ್ಬಂಟಿಯಾಗಿ ನಡೆಯುವವನ ಟೋಪಿಯ ಮೇಲೆ ‘ಇಬ್ಬರ ಪಯಣ’ ಎಂಬರ್ಥದ ಬರಹವಿರುತ್ತದೆ. ಗುರು ಕೋಬೋ ದಾಯಿಶಿ ಜೊತೆಗಿದ್ದಾನೆ ಎಂಬುದು ಅದರ ಭಾವ. ಸ್ಪೇನ್ ದೇಶದ ಸಾಂತಿಯಾಗೊ ಎಂಬ ಕ್ಷೇತ್ರಕ್ಕೆ ಮಧ್ಯಯುಗದಿಂದ ಕ್ರೈಸ್ತರು ನಡೆಯುತ್ತ ಬಂದಿದ್ದಾರೆ. 2023ರಲ್ಲಿ ಅಲ್ಲಿ ಪ್ರಮಾಣಪತ್ರ ಪಡೆದ ಯಾತ್ರಿಕರು ನಾಲ್ಕು ಲಕ್ಷಕ್ಕೂ ಹೆಚ್ಚು. ಕಾಲ್ನಡಿಗೆಯವರಿಗೆ ಆ ಪತ್ರ ಬೇಕಾದರೆ ಕಡೇಪಕ್ಷ ನೂರು ಕಿಲೋಮೀಟರು ನಡೆದಿರಬೇಕು. ಅವರಲ್ಲಿ ಎಲ್ಲರೂ ದೈವಭಕ್ತರಲ್ಲ. ಹತ್ತಿರದವರನ್ನು ಕಳೆದುಕೊಂಡವರು, ಕೆಲಸದಿಂದ ನಿವೃತ್ತರಾದವರು, ಮುಂದೇನು ಎಂದು ತೋಚದ ಯುವಕರು ಆ ದಾರಿಯಲ್ಲಿ ಸಿಗುತ್ತಾರೆ. ದುಃಖಕ್ಕೂ ಗೊಂದಲಕ್ಕೂ ತಮ್ಮದೇ ಆದ ವೇಗವಿದೆ. ಅದು ಬಹುಶಃ ಕಾಲ್ನಡಿಗೆಯ ವೇಗವೇ ಇರಬೇಕು. ಯಂತ್ರವೇಗದಲ್ಲಿ ಕೊಂಡೊಯ್ದರೆ ದೇಹ ಮಾತ್ರ ತಲುಪುತ್ತದೆ, ಮನಸ್ಸು ಹಿಂದೆಯೇ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗದು. ದಾರಿಯಲ್ಲಿ ಎಲ್ಲರೂ ಸಮಾನರು ಎಂಬ ಮಾತು ಕೇಳಲು ಹಿತ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಆಳಂದಿಯಿಂದ ಪಂಢರಪುರಕ್ಕೆ ಹೋಗುವ ವಾರಕರಿಗಳ ಜೊತೆ ಸ್ವತಃ ನಡೆದು ಒಂದು ಪ್ರಬಂಧ ಬರೆದರು. ಅದರ ಇಂಗ್ಲಿಷ್ ರೂಪ 1962ರಲ್ಲಿ ಪ್ರಕಟವಾಯಿತು. ಹಗಲೆಲ್ಲ ಒಂದೇ ಅಭಂಗ ಹಾಡುತ್ತ ನಡೆದವರು ಊಟದ ಹೊತ್ತಿಗೆ ಜಾತಿಜಾತಿಯಾಗಿ ಬೇರೆ ಕೂರುವುದನ್ನು ಕಂಡು ತಾವು ನೊಂದುದನ್ನು ಅವರು ಮುಚ್ಚಿಡದೆ ದಾಖಲಿಸಿದ್ದಾರೆ. ಸಂತ ಚೋಖಾಮೇಳನ ಸಮಾಧಿ ಪಂಢರಪುರದ ಗುಡಿಯ ಮಹಾದ್ವಾರದ ಹೊರಗೇ ಇದೆ. ಆತನ ಜಾತಿಯವರಿಗೆ ಒಳಗೆ ಪ್ರವೇಶ ದೊರೆಯಲು 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕೂರಬೇಕಾಯಿತು. ಶತಮಾನಗಳ ನಡಿಗೆ ತಾನಾಗಿ ಆ ಬಾಗಿಲನ್ನು ತೆರೆಯಲಿಲ್ಲ. ದಾರಿ ಅವಕಾಶ ಕೊಡುತ್ತದೆ. ಅದನ್ನು ಬಳಸಿಕೊಳ್ಳುವುದು ನಡೆಯುವವರ ಮನಸ್ಸಿಗೆ ಬಿಟ್ಟದ್ದು.

ಹಾಗಾದರೆ ಒಂದು ಯಾತ್ರೆ ಸಾರ್ಥಕವಾಯಿತೆಂದು ತಿಳಿಯುವುದು ಹೇಗೆ? ಇದಕ್ಕೆ ಶ್ರೀಶೈಲದ ದಾರಿಯಲ್ಲೇ ಹುಟ್ಟಿದ ಒಂದು ಕಥೆ ಉತ್ತರ ಹೇಳುತ್ತದೆ. ಹದಿಮೂರನೆಯ ಶತಮಾನದ ಕವಿ ರಾಘವಾಂಕನು ಸೊನ್ನಲಿಗೆಯ ಸಿದ್ಧರಾಮನ ಚರಿತೆಯಲ್ಲಿ ಹೇಳಿದ ಕಥೆಯಿದು. ನಮ್ಮ ಮಕ್ಕಳು ತಿಳಿದಿರಬೇಕಾದುದು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ನಮ್ಮ ಹಾಗೆಯೇ ಕರ್ನಾಟಕದ ಗಡಿಯಾಚೆ ಉಳಿದ, ಕನ್ನಡ ಮನೆಮಾತಿನ ಕುಟುಂಬಗಳಿರುವ ಊರು. ಅಲ್ಲಿ ಹೊಲ ಕಾಯುತ್ತಿದ್ದ ಬಾಲಕ ಸಿದ್ಧರಾಮನ ಬಳಿಗೆ ಒಬ್ಬ ಜಂಗಮ ಬಂದ. ಹೆಸರು ಮಲ್ಲಯ್ಯನೆಂದ, ಹಸಿವೆಂದು ಉಣ್ಣಲು ಕೇಳಿದ. ಹುಡುಗ ಮನೆಗೆ ಓಡಿ ಉಣಿಸು ತರುವಷ್ಟರಲ್ಲಿ ಬಂದವನು ಅಲ್ಲಿರಲಿಲ್ಲ. ಹಸಿದವನಿಗೆ ಉಣಿಸಲಾಗಲಿಲ್ಲವಲ್ಲ ಎಂಬ ಸಂಕಟ ಹುಡುಗನನ್ನು ಹಿಡಿಯಿತು. ‘ಮಲ್ಲಯ್ಯಾ’ ಎಂದು ಕೂಗುತ್ತ ಅಳುತ್ತ ಹೊರಟ. ದಾರಿಯಲ್ಲಿ ಸಿಕ್ಕ ಶ್ರೀಶೈಲದ ಯಾತ್ರಿಕರು ‘ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆ ಬಾ’ ಎಂದು ಕರೆದೊಯ್ದರು. ಬೆಟ್ಟದಲ್ಲಿ ಅವರು ತೋರಿಸಿದ ಲಿಂಗವನ್ನು ಹುಡುಗ ಒಪ್ಪಲಿಲ್ಲ. ತನ್ನನ್ನು ಉಣ್ಣಲು ಕೇಳಿದ ಮಲ್ಲಯ್ಯ ಇವನಲ್ಲ ಎಂದ. ಕಾಡಿನಲ್ಲಿ ಹುಡುಕುತ್ತ ಕಮರಿಯ ಅಂಚಿಗೆ ಬಂದಾಗ ಆ ಮಲ್ಲಯ್ಯನೇ ಕೈಹಿಡಿದ.

ಕಥೆಯ ತಿರುಳಿರುವುದು ಮುಂದೆ. ಕೈಹಿಡಿದ ಮಲ್ಲಯ್ಯ ಹುಡುಗನನ್ನು ಬೆಟ್ಟದಲ್ಲೇ ಇರಿಸಿಕೊಳ್ಳಲಿಲ್ಲ. ನಿನ್ನ ಊರಿಗೆ ಮರಳು, ಅದನ್ನೇ ಶ್ರೀಶೈಲವನ್ನಾಗಿ ಮಾಡು ಎಂದು ಕಳುಹಿಸಿಕೊಟ್ಟ. ಸಿದ್ಧರಾಮ ಸೊನ್ನಲಿಗೆಗೆ ಬಂದು ಗುಡಿ ಕಟ್ಟಿದ, ಕೆರೆ ತೋಡಿಸಿದ, ದೀನರಿಗೆ ನೆರವಾದ. ಮುಂದೆ ಕರ್ಮಯೋಗಿಯೆಂಬ ಹೆಸರು ಪಡೆದ. ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಸುತ್ತಣ ಕೆರೆಯ ನೀರು ಇಂದಿಗೂ ಕಾಣುತ್ತದೆ. ಆ ಹುಡುಗ ಹೋಗುವಾಗ ಹೊತ್ತದ್ದು ಒಬ್ಬ ಹಸಿದವನ ನೆನಪು. ಮರಳುವಾಗ ಹೊತ್ತದ್ದು ಒಂದು ಊರಿನ ದಾಹ. ದೂರದ ನಡಿಗೆಗೆ ಇದಕ್ಕಿಂತ ದೊಡ್ಡ ಫಲ ಬೇಕೇ?

ನಮ್ಮ ನುಡಿ ಈ ಮಾತನ್ನು ತನ್ನೊಳಗೇ ಇಟ್ಟುಕೊಂಡಿದೆ. ಕನ್ನಡದಲ್ಲಿ ‘ನಡೆ’ ಎಂದರೆ ಕಾಲಿನ ಕೆಲಸವೂ ಹೌದು, ಬಾಳುವ ರೀತಿಯೂ ಹೌದು. ನಡಿಗೆ, ನಡತೆ, ನಡವಳಿಕೆ ಇವೆಲ್ಲ ಒಂದೇ ಬೇರಿನ ಕುಡಿಗಳು. ನಡೆನುಡಿ ಒಂದಾಗಿರಬೇಕು ಎಂದು ಶರಣರು ಮತ್ತೆ ಮತ್ತೆ ಹೇಳಿದರು. ನಿಂತಲ್ಲೇ ನಿಂತ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ಅವರು ಮೇಲೆಂದು ಎಣಿಸಿದರು. ತೀರ್ಥದಲ್ಲಿ ಮುಳುಗೆದ್ದ ಮಾತ್ರಕ್ಕೆ ಮನುಷ್ಯ ಶುದ್ಧನಾಗುತ್ತಾನೆಂಬ ನಂಬಿಕೆಯನ್ನು ಪ್ರಶ್ನಿಸಿದರು. ಆದುದರಿಂದ ನಾನೂರು ಕಿಲೋಮೀಟರು ನಡೆದವನ ಕಾಲಿನ ಬೊಬ್ಬೆ ಒಣಗಿದ ಮೇಲೆ ಆತನ ನಡತೆಯಲ್ಲಿ ಏನು ಉಳಿಯಿತು ಎಂದು ಕೇಳುವ ಹಕ್ಕು ಮನೆಯವರಿಗೆ ಉಂಟು. ದಾರಿಯಲ್ಲಿ ಯಾರದೋ ಮಜ್ಜಿಗೆ ಕುಡಿದವನು ತನ್ನ ಬಾಗಿಲಿಗೆ ಬಂದ ದಣಿದವನನ್ನು ಗದರಿಸಿ ಕಳುಹಿಸಿದರೆ ಹರಕೆ ತೀರಿತೆಂದು ಹೇಳುವುದು ಕಷ್ಟ.

ಈಗ ನಮ್ಮ ಓದುಗ ಕುಟುಂಬಗಳಿಗೆ ಸಂಬಂಧಿಸಿದ ಮಾತು. ಕರ್ನಾಟಕದ ಯಾತ್ರಿಕರು ಬೆಟ್ಟಕ್ಕೆ ಹೋಗುವುದು ಆದವಾನಿ, ಎಮ್ಮಿಗನೂರು, ಕರ್ನೂಲುಗಳ ಕಡೆಯಿಂದ ಬಂದು, ಆತ್ಮಕೂರು ದಾಟಿ, ವೆಂಕಟಾಪುರಂ ಬಳಿ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನುಗಳ ಮೂಲಕ ಕೈಲಾಸದ್ವಾರವನ್ನು ಏರಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈಚೆಗೆ ಬಂದವು, ಉಳಿದವು ಮೈಸೂರಿಗೆ ಸೇರಿದವು. ನಕ್ಷೆಯ ಗೆರೆ ಬದಲಾಯಿತು. ಕಂಬಿಯ ದಾರಿ ಬದಲಾಗಲಿಲ್ಲ. ಯುಗಾದಿಯ ದಿನಗಳಲ್ಲಿ ಶ್ರೀಶೈಲದ ದೇವಸ್ಥಾನದವರು ಕನ್ನಡದಲ್ಲಿಯೂ ಫಲಕ ಹಾಕಿಸುತ್ತಾರೆ, ಧ್ವನಿವರ್ಧಕದಲ್ಲಿ ಕನ್ನಡದ ಪ್ರಕಟಣೆ ಕೇಳಿಬರುತ್ತದೆ. ತೆಲುಗು ಬಾರದ ಮುದುಕಿಯೊಬ್ಬಳು ದಾರಿ ತಪ್ಪಿದಾಗ, ಆಸ್ಪತ್ರೆಯ ಚೀಟಿ ಅರ್ಥವಾಗದಾಗ, ಆಕೆಗೆ ಬೇಕಾದವರು ಎರಡೂ ನುಡಿ ಬಲ್ಲವರು. ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ರಾಯದುರ್ಗಗಳ ನಮ್ಮ ಮಕ್ಕಳು ಅಂಥವರೇ. ಆಂಧ್ರದಲ್ಲಿದ್ದು ಕನ್ನಡ ಓದಿ ಪ್ರಯೋಜನವೇನು ಎಂದು ಸಂಕಟಪಡುವ ತಂದೆತಾಯಿಯರು ಈ ಸಂಗತಿಯನ್ನು ಒಮ್ಮೆ ಯೋಚಿಸಬೇಕು. ನೌಕರಿಯ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ, ನಿಜ. ಎರಡು ನಾಡುಗಳ ನಡುವೆ ನಿಂತವರಿಂದ ಎರಡಕ್ಕೂ ಆಗಬೇಕಾದ ಕೆಲಸವಿದೆ ಎಂಬುದಕ್ಕೆ ಸಾಕ್ಷಿ ಮಾತ್ರ ಹೌದು.

ನಡೆಯಲು ಹೊರಡುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಯುಗಾದಿಯ ಹೊತ್ತು ಮಕ್ಕಳ ಪರೀಕ್ಷೆಯ ಹೊತ್ತೂ ಹೌದು. ಹಿರಿಯರ ಹರಕೆಗೆ ಹತ್ತನೆಯ ತರಗತಿಯ ಮಗುವಿನ ವರ್ಷವನ್ನು ಮುಡಿಪಾಗಿ ಕೊಡಬೇಕಾಗಿಲ್ಲ. ಮಗು ತಾನಾಗಿ ಕೊಟ್ಟ ಮಾತಲ್ಲ ಅದು. ಸಕ್ಕರೆ ಕಾಯಿಲೆಯುಳ್ಳವರು ಬರಿಗಾಲಿನ ಹಟ ಹಿಡಿಯಬಾರದು. ಪಾದದ ಸ್ಪರ್ಶ ಮಂದವಾದವರಿಗೆ ಗಾಯವಾದುದೇ ತಿಳಿಯದೆ ಅದು ಹುಣ್ಣಾಗಿ ಬೆಳೆಯಬಹುದು. ನಡೆಯಲಾರದವರು ನಡೆಯುವವರ ಕೈಯಲ್ಲಿ ಕಾಣಿಕೆ ಕಳುಹಿಸುವ ಪದ್ಧತಿ ಹಿಂದಿನಿಂದಲೂ ಇದೆ. ಎರಡನೆಯದು ಕಾಡಿನ ಮಾತು. ನಲ್ಲಮಲ ದೇಶದ ಅತಿ ದೊಡ್ಡ ಹುಲಿ ರಕ್ಷಿತಾರಣ್ಯಗಳಲ್ಲಿ ಒಂದರ ಭಾಗ. ಒಣಗಿದ ಬೇಸಿಗೆಯ ಎಲೆಗಳ ಮೇಲೆ ಬಿದ್ದ ಒಂದು ಬೀಡಿಯ ತುಂಡು ಸಾಕು, ಬೆಟ್ಟವೇ ಹೊತ್ತಿಕೊಳ್ಳುತ್ತದೆ. ಅಳಿಯನ ಮನೆಯಂಗಳದಲ್ಲಿ ಪ್ಲಾಸ್ಟಿಕ್ ಬಾಟಲಿ, ಊಟದ ತಟ್ಟೆ ಎಸೆದು ಬರುವ ಬೀಗರನ್ನು ಯಾರು ತಾನೆ ಮೆಚ್ಚುತ್ತಾರೆ?

ಮಕ್ಕಳ ಪ್ರಶ್ನೆಗೆ ಪುಸ್ತಕಕ್ಕಿಂತ ಒಳ್ಳೆಯ ಉತ್ತರ ಬಹುಶಃ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದೆ. ಶ್ರೀಶೈಲಕ್ಕೋ, ತಿರುಮಲೆಯ ಮೆಟ್ಟಿಲಿಗೋ, ಶಬರಿಮಲೆಗೋ ನಡೆದುಹೋದ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ರಜೆಯಲ್ಲಿ ಮಗುವಿನ ಕೈಗೆ ಒಂದು ಹಳೆಯ ನೋಟ್‌ಬುಕ್ ಕೊಟ್ಟು ಅವರ ಬಳಿ ಕೂರಿಸಿರಿ. ಯಾವ ಊರುಗಳ ಮೇಲೆ ಹೋದರು, ಎಲ್ಲಿ ಮಲಗಿದರು, ನೀರು ಕೊಟ್ಟವರು ಯಾರು, ಏನನ್ನು ಬೇಡಿ ಹೊರಟಿದ್ದರು, ಬಂದ ಮೇಲೆ ಏನು ಬದಲಾಯಿತು ಎಂದು ಕೇಳಿ, ಕನ್ನಡದಲ್ಲಿ ಬರೆದಿಡಲಿ. ಬೇಡಿದ್ದು ಸಿಗದೆಯೂ ನಡೆದು ಬಂದೆನೆಂದು ಅಜ್ಜಿ ಹೇಳಿದರೆ ಆ ಮಾತನ್ನೂ ಬಿಡದೆ ಬರೆಯಲಿ. ಉತ್ತರದ ಬಹುಪಾಲು ಅಲ್ಲೇ ಇರುವ ಸಂಭವವುಂಟು.